ಆರು ವರ್ಷ ತುಂಬಿದರೆ ಭಯ ಹೋಗುತ್ತಾ?

‘ಅಮ್ಮಾ, ನಾನು ಪಾಸಾ, ಫೇಲಾ?’

2025ರ ಏಪ್ರಿಲ್ ಕೊನೆಯ ಒಂದು ರಾತ್ರಿ ಮಗ ಹೀಗೆ ಕೇಳಿದಾಗ ನಕ್ಕುಬಿಟ್ಟೆ. ಯುಕೆಜಿಯಲ್ಲಿ ಎಂಥ ಪಾಸು, ಎಂಥ ಫೇಲು? ಆಮೇಲೆ ಹೊಳೆಯಿತು. ಎರಡು ತಿಂಗಳಿಂದ ಮನೆಯಲ್ಲಿ ನಾವು ಆಡುತ್ತಿದ್ದ ಮಾತನ್ನೆಲ್ಲ ಅವನು ಕೇಳಿಸಿಕೊಂಡಿದ್ದ.

ಆ ಮಾತು ನಿಮ್ಮ ಮನೆಯಲ್ಲೂ ಬಂದಿರಬಹುದು. ಒಂದನೇ ತರಗತಿಗೆ ಸೇರಲು ಜೂನ್ 1ಕ್ಕೆ ಮಗುವಿಗೆ ಆರು ವರ್ಷ ತುಂಬಿರಬೇಕು ಅಂತ ರಾಜ್ಯ ಸರ್ಕಾರ 2022ರಲ್ಲಿ ಆದೇಶ ಹೊರಡಿಸಿತು. ಆಗಲೇ ಎಲ್‌ಕೆಜಿ, ಯುಕೆಜಿಯಲ್ಲಿದ್ದ ಮಕ್ಕಳ ಗತಿಯೇನು ಅನ್ನೋ ಪ್ರಶ್ನೆ ಎದ್ದಿತು. ಜಾರಿಯನ್ನು 2025-26ಕ್ಕೆ ಮುಂದೂಡಿದರು. ಆ ವರ್ಷ ಬಂದಾಗ ಮತ್ತೆ ಅದೇ ಗೋಳು. ಕೊನೆಗೆ 2025ರ ಏಪ್ರಿಲ್‌ನಲ್ಲಿ ಶಿಕ್ಷಣ ಸಚಿವ ಮಧು ಬಂಗಾರಪ್ಪ ಅವರು, ಯುಕೆಜಿ ಮುಗಿಸಿದವರಿಗೆ ಐದು ವರ್ಷ ಐದು ತಿಂಗಳಾಗಿದ್ದರೂ ಸಾಕು, ಆದರೆ ಈ ಸಡಿಲಿಕೆ ಆ ಒಂದು ವರ್ಷಕ್ಕೆ ಮಾತ್ರ ಅಂತ ಪ್ರಕಟಿಸಿದರು.

ನನ್ನ ಮಗ 2019ರ ಸೆಪ್ಟೆಂಬರ್‌ನವನು. ಮಾರ್ಚ್‌ನಲ್ಲಿ ‘ಇನ್ನೊಂದು ವರ್ಷ ಯುಕೆಜಿ’ ಅಂದಿದ್ದ ನಾವೇ ಏಪ್ರಿಲ್‌ನಲ್ಲಿ ‘ಇಲ್ಲ ಪುಟ್ಟಾ, ಒಂದನೇ ಕ್ಲಾಸು’ ಅಂದೆವು. ನಮಗೆ ಒಂದು ವರ್ಷದ ಫೀಸು ಉಳಿದ ನೆಮ್ಮದಿ. ಅವನಿಗೆ ಮಾತ್ರ ಗಲಿಬಿಲಿ.

ಶಾಲೆ ಶುರುವಾಯಿತು. ಸೋಮವಾರದಿಂದ ಶುಕ್ರವಾರದ ತನಕ ಬೆಳಗ್ಗೆ ಎದ್ದರೆ ಹೊಟ್ಟೆನೋವು. ಭಾನುವಾರ ನೋಡಿದರೆ ಐದು ಇಡ್ಲಿ! ‘ನಾಟಕ ಕಣೇ’ ಅಂದರು ಅತ್ತೆ. ಡಾಕ್ಟರು ಪರೀಕ್ಷೆ ಮಾಡಿ, ‘ಕಾಯಿಲೆ ಏನಿಲ್ಲ. ಆದರೆ ನೋವು ಸುಳ್ಳಲ್ಲ, ಭಯಕ್ಕೆ ಹೊಟ್ಟೆ ನಿಜವಾಗಿಯೂ ನೋಯುತ್ತೆ’ ಅಂದರು.

ನಾನು ಮಾಡಿದ ತಪ್ಪನ್ನೂ ಹೇಳಿಬಿಡುತ್ತೇನೆ. ಗೇಟಿನಲ್ಲಿ ಆಯಾ ಕೈಗೆ ಕೊಟ್ಟು, ಅವನು ಆ ಕಡೆ ತಿರುಗಿದಾಗ ಕಣ್ತಪ್ಪಿಸಿ ಬಂದುಬಿಡುತ್ತಿದ್ದೆ. ವಾರದಲ್ಲೇ ಅದರ ಫಲ ಕಂಡಿತು. ಮನೆಯಲ್ಲಿ ನಾನು ಸ್ನಾನಕ್ಕೆ ಹೋದರೂ ಬಾಗಿಲ ಮುಂದೆ ಕಾಯುತ್ತಾ ಕೂರುತ್ತಿದ್ದ. ಅಮ್ಮ ಯಾವಾಗ ಬೇಕಾದರೂ ಮಾಯವಾಗಬಹುದು ಅಂತ ಅವನಿಗೆ ಕಲಿಸಿದ್ದು ನಾನೇ ಅಲ್ವಾ?

ಬದಲಾಗುವುದು ಬರೀ ಕ್ಲಾಸಲ್ಲ

ನಾವು ದೊಡ್ಡವರು ತಿಂಗಳ ಲೆಕ್ಕ ಹಾಕುತ್ತಾ ಕೂತೆವು. ವಯಸ್ಸು ಮುಖ್ಯವೇ, ಐದೂವರೆಯ ಮಗುವಿಗೂ ಆರೂವರೆಯ ಮಗುವಿಗೂ ತುಂಬಾ ವ್ಯತ್ಯಾಸ ಇದೆ. ಆದರೆ ಆರು ತುಂಬಿದ ದಿನ ಭಯ ಹೋಗುವುದಿಲ್ಲ. ಚಾಪೆ ಹೋಗಿ ಬೆಂಚು ಬರುತ್ತೆ. ಮಧ್ಯಾಹ್ನ ಬಿಡುತ್ತಿದ್ದ ಶಾಲೆ ಸಂಜೆ ಬಿಡುತ್ತೆ. ಒಬ್ಬರೇ ಮಿಸ್ ಇದ್ದ ಕಡೆ ನಾಲ್ಕು ಜನ ಬರುತ್ತಾರೆ. ಟಾಯ್ಲೆಟ್ ಎಲ್ಲಿದೆ ಅಂತ ಗೊತ್ತಿರುವುದಿಲ್ಲ. ಇವೆಲ್ಲ ಒಂದೇ ಬೆಳಗ್ಗೆ ಬಂದರೆ ಮಗು ಏನು ಮಾಡಬೇಕು?

2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗಿನದನ್ನು ಒಂದೇ ಹಂತ ಅನ್ನುತ್ತೆ. ಅಂದರೆ ಶಿಶುವಿಹಾರದ ಮೂರು ವರ್ಷ, ಅದರ ಜೊತೆಗೆ ಒಂದು ಮತ್ತು ಎರಡನೇ ಕ್ಲಾಸು. ಆಟದ ಮೂಲಕವೇ ಕಲಿಕೆ. ಆ ನೀತಿಯ ಬಗ್ಗೆ ನೂರು ತಕರಾರಿರಲಿ, ಈ ಮಾತು ಮಾತ್ರ ಸರಿ. ಯುಕೆಜಿ ಮುಗಿದ ಕೂಡಲೇ ಬಾಲ್ಯವೂ ಮುಗಿಯಿತು ಅನ್ನೋ ಹಾಗೆ ನಡೆದುಕೊಳ್ಳುವುದು ಶಾಲೆಗಳು ಮತ್ತು ನಾವು. ಸರ್ಕಾರ ವಯಸ್ಸು ನಿಗದಿ ಮಾಡಬಹುದು. ಮಗುವನ್ನು ಸಿದ್ಧ ಮಾಡುವುದು ಮಾತ್ರ ಮನೆಯಿಂದಲೇ ಶುರುವಾಗಬೇಕು.

ಹೀಗೆ ಮಾಡಿ ನೋಡಿ

* ಶಾಲೆ ಶುರುವಾಗುವ ಮುಂಚೆ ಒಮ್ಮೆ ಕೇಳಿಕೊಂಡು ಕರೆದುಕೊಂಡು ಹೋಗಿ. ಕ್ಲಾಸು, ಟಾಯ್ಲೆಟ್, ನೀರಿನ ನಲ್ಲಿ, ನೀವು ಸಂಜೆ ನಿಲ್ಲುವ ಜಾಗ ಎಲ್ಲ ತೋರಿಸಿ.

* ಎರಡು ವಾರ ಮುಂಚಿನಿಂದಲೇ ಶಾಲೆಯ ಹೊತ್ತಿಗೆ ಏಳಿಸಿ. ಡಬ್ಬಿ ಮುಚ್ಚಳ ತೆಗೆಯುವುದು, ಚಡ್ಡಿ ಗುಂಡಿ ಹಾಕುವುದು ಅಭ್ಯಾಸವಾಗಲಿ.

* ಹೇಳದೆ ಓಡಿಬರಬೇಡಿ. ಒಂದು ಮುತ್ತು, ಒಂದು ಟಾಟಾ, ‘ಊಟ, ಡ್ರಾಯಿಂಗ್, ಬೆಲ್ಲು, ಆಮೇಲೆ ಅಮ್ಮ’ ಅಂತ ಒಂದು ಮಾತು. ಹೇಳಿ ಹೊರಟುಬಿಡಿ. ಅತ್ತ ಅಂತ ವಾಪಸ್ ಹೋಗಬೇಡಿ. ಆದರೆ ಸಂಜೆ ಹೇಳಿದ ಹೊತ್ತಿಗೆ ಸರಿಯಾಗಿ ನಿಂತಿರಿ.

* ‘ಹೆದರಬೇಡ’ ಅನ್ನುವ ಬದಲು ‘ಹೆದರಿಕೆ ಆಗ್ತಿದೆಯಾ? ಯಾವಾಗ ಜಾಸ್ತಿ?’ ಅಂತ ಕೇಳಿ. ನನ್ನ ಮಗನಿಗೆ ಭಯ ಇದ್ದದ್ದು ಪಾಠದ್ದಲ್ಲ, ಟಾಯ್ಲೆಟ್‌ಗೆ ಯಾರನ್ನು ಕೇಳಬೇಕು ಅನ್ನೋದು! ಮಿಸ್‌ಗೆ ಹೇಳಿದೆ. ಒಂದೇ ದಿನದಲ್ಲಿ ಬಗೆಹರಿಯಿತು.

* ಹೊಟ್ಟೆನೋವು ಅಂತ ಪದೇ ಪದೇ ಮನೆಯಲ್ಲಿ ಉಳಿಸಿಕೊಂಡರೆ ಭಯ ಬೆಳೆಯುತ್ತೆ. ಹಾಗಂತ ತಿಂಗಳಾದರೂ ಅಳು ತಗ್ಗದಿದ್ದರೆ, ಊಟ ನಿದ್ದೆ ಕೆಟ್ಟರೆ ಮಕ್ಕಳ ಡಾಕ್ಟರಿಗೆ ತೋರಿಸಿ. ಯಾರಾದರೂ ಹೊಡೆಯುತ್ತಾರಾ, ಹೀಯಾಳಿಸುತ್ತಾರಾ ಅಂತಲೂ ವಿಚಾರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ವಿಭಾಗವಿದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಆ ವರ್ಷ ಗಣೇಶನ ಹಬ್ಬದ ಹೊತ್ತಿಗೆ ನಮ್ಮನೆ ಹೊಟ್ಟೆನೋವು ಹೋಯಿತು. ದಸರಾ ರಜೆ ಮುಗಿದ ಮೇಲೆ ನಾಲ್ಕು ದಿನ ಮತ್ತೆ ಬಂತು. ದೊಡ್ಡ ರಜೆಯ ನಂತರ ಹೀಗಾಗುವುದು ಸಹಜ, ಗಾಬರಿ ಬೇಡ.

ಅವನ ಪ್ರಶ್ನೆಗೆ ಅವತ್ತು ನಗುವ ಬದಲು ಉತ್ತರ ಕೊಡಬೇಕಿತ್ತು. ‘ಇದರಲ್ಲಿ ಪಾಸು ಫೇಲು ಇಲ್ಲ ಪುಟ್ಟಾ, ದೊಡ್ಡವರು ತಾರೀಖು ಬದಲಾಯಿಸಿದರು ಅಷ್ಟೇ’ ಅಂತ. ನಿಯಮ ಇನ್ನೆಷ್ಟು ಸಲ ಬದಲಾಗುತ್ತೋ! ಅದನ್ನು ಮಗು ಬಾಗಿಲ ಸಂದಿಯಿಂದ ಕೇಳಿಸಿಕೊಳ್ಳುವ ಮುಂಚೆ ನಾವೇ ಪಕ್ಕದಲ್ಲಿ ಕೂರಿಸಿಕೊಂಡು ಹೇಳೋಣ.