ಹಡಗಿನ ಜಾತಕ, ಹೆಣ್ಣಿನ ಹೆಸರು

ನೀಲಿ ಚಿತ್ರದ ಮಾತೆತ್ತಿದರೆ ಮರ್ಯಾದಸ್ಥ ಹೆಂಗಸರು ಮುಖ ತಿರುಗಿಸಿಕೊಳ್ಳಬೇಕೆಂಬುದು ನಮ್ಮಲ್ಲಿನ ರೂಢಿ. ನಾವು ಮುಖ ತಿರುಗಿಸಿದಷ್ಟೂ ಆ ವ್ಯಾಪಾರಿಗಳಿಗೇ ಅನುಕೂಲ. ಆದ್ದರಿಂದ ಮಾತಾಡಿಯೇ ಬಿಡೋಣ.

ಅಮೆರಿಕಕ್ಕೆ 1977ರಲ್ಲಿ ವಿಎಚ್‌ಎಸ್ ಕ್ಯಾಸೆಟ್ ಬಂದ ಮೇಲೆ ಈ ಚಿತ್ರಗಳು ಕತ್ತಲ ಥಿಯೇಟರು ಬಿಟ್ಟು ಮನೆಯ ಹಜಾರಕ್ಕೇ ಬಂದವು. ಮನೆಯೊಳಗೆ ಬರುವ ಸರಕಿಗೆ ಮರ್ಯಾದೆಯ ಹೊದಿಕೆ ಬೇಕಲ್ಲ! ಬಾಡಿಗೆ ಕೋಣೆಯ ಮಂಚದ ಜಾಗಕ್ಕೆ ಕಡಲತೀರ, ಕೋಟೆ, ಅರಮನೆಗಳು ಬಂದವು. ಇದರಲ್ಲಿ ಕತೆಯಿದೆ, ವೈಭವವಿದೆ, ಗಂಡ ಹೆಂಡತಿ ಜೊತೆಗೆ ಕೂತು ನೋಡಬಹುದು ಎಂಬ ಹೊಸ ರಾಗವೂ ಶುರುವಾಯಿತು.

2005ರ ‘ಪೈರೇಟ್ಸ್’ ಎಂಬ ಚಿತ್ರವನ್ನೇ ತೆಗೆದುಕೊಳ್ಳಿ. ಹತ್ತು ಲಕ್ಷ ಡಾಲರಿಗೂ ಮಿಕ್ಕಿದ ಖರ್ಚು. ಫ್ಲಾರಿಡಾದಲ್ಲಿ ‘ಬೌಂಟಿ’ ಎಂಬ ಹಾಯಿಹಡಗಿನ ಮೇಲೆ ಚಿತ್ರೀಕರಣ. ಆ ಹಡಗಿನ ಜಾತಕವೇ ನಮಗೆ ಸಿಗುತ್ತದೆ: ಹಾಲಿವುಡ್ಡಿನ ಚಿತ್ರವೊಂದಕ್ಕಾಗಿ 1960ರಲ್ಲಿ ಕೆನಡಾದಲ್ಲಿ ಕಟ್ಟಿದ್ದು, 2012ರಲ್ಲಿ ಸ್ಯಾಂಡಿ ಚಂಡಮಾರುತಕ್ಕೆ ಸಿಕ್ಕಿ ಮುಳುಗಿದ್ದು. ಈ ದಂಧೆಯಲ್ಲಿ ಬಂದುಹೋದ ಎಷ್ಟೋ ಹೆಣ್ಣುಮಕ್ಕಳದ್ದಾದರೋ, ಹೆತ್ತವ್ವ ಇಟ್ಟ ಹೆಸರು ಕೂಡ ಪರದೆಯ ಮೇಲೆ ಬರಲಿಲ್ಲ.

ಊರೂರು ಸುತ್ತುವುದು ಬರೀ ಅಂದಚೆಂದಕ್ಕೆ ಎಂದು ನಂಬಬೇಡಿ. ನಟರಿಗೆ ಸಂಬಳ ಕೊಟ್ಟು ಇಂಥ ಚಿತ್ರ ತೆಗೆಯುವುದು ತಲೆಹಿಡುಕತನವಲ್ಲ ಎಂದು ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು 1988ರಲ್ಲಿ ಹೇಳಿತು. ದಂಧೆ ಲಾಸ್ ಏಂಜಲೀಸ್ ಸುತ್ತ ಬೇರುಬಿಟ್ಟಿತು. 1989ರಲ್ಲಿ ಹಂಗೇರಿಯ ಕಮ್ಯುನಿಸ್ಟ್ ಆಡಳಿತ ಕುಸಿಯಿತು. ಹಳೆಯ ಮಹಲುಗಳೂ ಕಡಿಮೆ ಕೂಲಿಯೂ ಒಟ್ಟಿಗೇ ಸಿಗುವ ಬುಡಾಪೆಸ್ಟಿಗೆ ಕ್ಯಾಮೆರಾಗಳು ಓಡಿದವು. 2012ರ ನವೆಂಬರಿನಲ್ಲಿ ಲಾಸ್ ಏಂಜಲೀಸ್ ಕೌಂಟಿಯ ಮತದಾರರು ಚಿತ್ರೀಕರಣದಲ್ಲಿ ಕಾಂಡೋಮ್ ಕಡ್ಡಾಯ ಮಾಡಿದರು. ಮರುವರ್ಷವೇ ಅಲ್ಲಿ ಪರವಾನಗಿ ಕೇಳುವವರು ತೀರ ಕಡಿಮೆಯಾದರು. ಎಷ್ಟೋ ತಂಡಗಳು ಗಂಟುಮೂಟೆ ಕಟ್ಟಿ ಬೇರೆ ಊರು ಹಿಡಿದವು. ರೋಗದಿಂದ ಕಾಯುವ ಒಂದು ನಿಯಮವೂ ಇವರಿಗೆ ಭಾರವಾಯಿತು!

ಸ್ವಇಚ್ಛೆಯಿಂದ ಬಂದವರಲ್ಲವೇ ಎಂದು ಕೇಳುವವರಿದ್ದಾರೆ. ಇರಬಹುದು. ಕೂಲಿಗೆ ಬರುವವಳೂ ಸ್ವಇಚ್ಛೆಯಿಂದಲೇ ಬರುತ್ತಾಳೆ. ಹಾಗೆಂದು ಅವಳ ಕೂಲಿ, ಆರೋಗ್ಯ ಕೇಳಬಾರದೇ? ಪರದೇಶದ ದ್ವೀಪದಲ್ಲಿ ನಿಂತ ಹುಡುಗಿ ‘ಇದು ನನಗೆ ಬೇಡ’ ಎಂದರೆ ಹಿಂದಿರುಗುವ ಟಿಕೆಟ್ ಯಾರ ಕೈಯಲ್ಲಿರುತ್ತದೆ? ಕರಾರು ಅವಳು ಓದಬಲ್ಲ ಭಾಷೆಯಲ್ಲಿರುತ್ತದೆಯೇ? ಕಾಯಿಲೆಯಾದರೆ ಆಸ್ಪತ್ರೆಯ ಖರ್ಚು ಯಾರದು?

ಹಿನ್ನೆಲೆಯ ಸಮುದ್ರ ಎಷ್ಟು ನೀಲಿಯೆಂದು ಹೊಗಳುವವರು ಮೊದಲು ಈ ಮೂರು ಪ್ರಶ್ನೆಗೆ ಉತ್ತರ ಕೊಡಲಿ. ಅಲ್ಲಿಯವರೆಗೆ ಇದನ್ನು ಕಲೆ ಎಂದು ಕರೆಯಲು ನಾನಂತೂ ತಯಾರಿಲ್ಲ.