ಸಹಿಗೆ ಸೀಮಿತವಾದ ಮಾರ್ಗದರ್ಶನ

ಶಿಕ್ಷಕ ವೃತ್ತಿಯೆಂದರೇನೆಂಬುದನ್ನು ಬಿ.ಎಡ್. ವಿದ್ಯಾರ್ಥಿಗಳು ಕಲಿಯುವುದು ಪಠ್ಯಗಳಿಂದಲ್ಲ, ಅಭ್ಯಾಸಕ್ಕೆ ಹೋಗುವ ಶಾಲೆಯ ಹಿರಿಯ ಶಿಕ್ಷಕರಿಂದ. ಬಿ.ಎಡ್. ಅನ್ನು ಎರಡು ವರ್ಷಗಳಿಗೆ ವಿಸ್ತರಿಸಿದ 2014ರ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ ನಿಯಮಾವಳಿಯು ಕನಿಷ್ಠ 20 ವಾರಗಳ ಶಾಲಾ ಇಂಟರ್ನ್‌ಶಿಪ್ಪನ್ನು ವಿಧಿಸಿತು. ವಾರಗಳ ಲೆಕ್ಕವೇನೋ ಭರ್ತಿಯಾಗುತ್ತದೆ. ಆದರೆ ಮಾರ್ಗದರ್ಶನ?

ಅನೇಕ ಶಾಲೆಗಳಲ್ಲಿ ಪ್ರಶಿಕ್ಷಣಾರ್ಥಿ ಎಂದರೆ ರಜೆ ಹಾಕಿದವರ ಪೀರಿಯಡ್ ತುಂಬುವವರು. ಹಿರಿಯರೊಬ್ಬರು ಹಿಂದಿನ ಬೆಂಚಿನಲ್ಲಿ ಕುಳಿತು ಅವರ ಪಾಠವನ್ನು ಪೂರ್ತಿ ಆಲಿಸುವುದು ಅಪರೂಪ. ಪಾಠಯೋಜನೆಯ ಪುಸ್ತಕಕ್ಕೆ ಓದದೆಯೇ ಸಹಿ ಬೀಳುತ್ತದೆ. ಸಹಿಯೇ ಕೆಲಸವೆಂಬ ಪಾಠವನ್ನು ಮಾತ್ರ ಯಾರೂ ಮರೆಯುವುದಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯು ದೈಹಿಕ ಶಿಕ್ಷೆಯನ್ನು ನಿಷೇಧಿಸಿದೆಯೆಂದು ಪರೀಕ್ಷೆಯಲ್ಲಿ ಬರೆದ ಯುವತಿಯೇ, ಹೊಡೆಯದಿದ್ದರೆ ಮಕ್ಕಳು ಬಗ್ಗುವುದಿಲ್ಲವೆಂಬ ಸಿಬ್ಬಂದಿ ಕೊಠಡಿಯ ಮಾತನ್ನು ನಂಬಿಬಿಡುತ್ತಾಳೆ. ಮುಂದಿನ ಮೂವತ್ತು ವರ್ಷ ಅವಳ ಕೈಯಲ್ಲಿರುವುದು ನಮ್ಮ ಮಕ್ಕಳು.

ಹಾಗೆಂದು ಹಿರಿಯ ಶಿಕ್ಷಕರನ್ನೇ ದೂರುವುದು ನ್ಯಾಯವೆಂದು ನಮಗನಿಸುವುದಿಲ್ಲ. ಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕಗಳ ನಡುವೆ ಅವರಿಗೆ ಮಾರ್ಗದರ್ಶನಕ್ಕೆಂದು ಒಂದಾದರೂ ಪೀರಿಯಡ್ ಬಿಡುವು ನೀಡಬೇಕಲ್ಲವೇ? ಅದನ್ನು ಸರಕಾರವೂ ಆಡಳಿತ ಮಂಡಳಿಗಳೂ ವೇಳಾಪಟ್ಟಿಯಲ್ಲೇ ಬರೆದು ಕೊಡಲಿ.

ಮಗಳನ್ನು ಬಿ.ಎಡ್.ಗೆ ಸೇರಿಸುವಾಗ ಹೆತ್ತವರು ಶುಲ್ಕ, ಹಾಸ್ಟೆಲ್, ಬಸ್ಸಿನ ಸೌಕರ್ಯ ಎಲ್ಲವನ್ನೂ ವಿಚಾರಿಸುತ್ತಾರೆ. ಅಭ್ಯಾಸದ ಶಾಲೆ ಯಾವುದು, ಅಲ್ಲಿ ಅವಳ ಪಾಠವನ್ನು ಕುಳಿತು ನೋಡುವವರು ಯಾರು ಎಂದು ಕೇಳಿದವರನ್ನು ನಾವಿನ್ನೂ ಕಂಡಿಲ್ಲ.