ಖಾಲಿ ಜಾಗದ ಪರವಾಗಿ ವಕಾಲತ್ತು

ರಾಜ್ಯೋತ್ಸವದ ನೆಪದಲ್ಲಿ ಬೆಳ್ಳಂದೂರಿನ ನಮ್ಮ ಅಪಾರ್ಟ್‌ಮೆಂಟಿನ ಕನ್ನಡಿಗರು ಸೇರಿದ್ದಾಗ ನಾನು ಆಡಿದ ಮಾತು ಇಷ್ಟೇ: ಕಂಪ್ಯೂಟರಿನ ಎಸ್‌ಎಸ್‌ಡಿಯನ್ನು ಕಂಠಪೂರ್ತಿ ತುಂಬಬೇಡಿ, ಐದರಲ್ಲಿ ಒಂದು ಪಾಲು ಖಾಲಿ ಬಿಡಿ, ಬಾಳಿಕೆ ಬರುತ್ತದೆ. ಮನೆಗೊಬ್ಬ ಎಂಜಿನಿಯರ್ ಇರುವ ಕಡೆ ಇಂಥ ಮಾತು ಸುಮ್ಮನೆ ಜೀರ್ಣವಾಗುವುದಿಲ್ಲ. ಕೇಸರಿಬಾತ್ ತಟ್ಟೆಗೆ ಬೀಳುವ ಮೊದಲೇ ತಕರಾರು ಶುರುವಾಗಿ ಲಿಫ್ಟಿನಲ್ಲಿ, ಬೆಳಗಿನ ವಾಕಿಂಗಿನಲ್ಲಿ ಮುಂದುವರಿಯಿತು. ತಕರಾರಿನವರಲ್ಲಿ ಎರಡು ಪಂಗಡ. "ಇದೆಲ್ಲ ಹಳೇ ಭಯ ಸಾರ್, ಬೇಕಾದಷ್ಟು ತುಂಬಿ" ಎನ್ನುವವರು ಒಂದು ಕಡೆ. ನಾಲ್ಕಕ್ಷರ ಬರೆದರೂ ಡ್ರೈವ್ ಸವೆದೀತೆಂದು ನಡುಗುವ ಮಡಿವಂತರು ಇನ್ನೊಂದು ಕಡೆ. ಇಬ್ಬರಿಗೂ ಉತ್ತರ ಬಾಕಿ ಇದೆ.

ಮೊದಲ ಪಂಗಡದವರು ಲೆಕ್ಕ ಹಿಡಿದೇ ಬಂದರು. 250 ಜಿಬಿಯ ಸ್ಯಾಮ್‌ಸಂಗ್ 870 ಇವೊ ಡ್ರೈವಿಗೆ ತಯಾರಕರು ಕೊಡುವ ಭರವಸೆ 150 ಟಿಬಿ ಬರಹ. ದಿನಕ್ಕೆ 40 ಜಿಬಿ ಬರೆದರೂ ಹತ್ತು ವರ್ಷ. ಸಾಲದ್ದಕ್ಕೆ ಟೆಕ್ ರಿಪೋರ್ಟ್ ಜಾಲತಾಣದವರು 2013ರಿಂದ 2015ರವರೆಗೆ ಆರು ಎಸ್‌ಎಸ್‌ಡಿಗಳ ಮೇಲೆ ಎಡೆಬಿಡದೆ ಬರೆದು ನೋಡಿದ ಪರೀಕ್ಷೆಯನ್ನೂ ಮುಂದಿಟ್ಟರು. ಆರರಲ್ಲಿ ಒಂದೂ 700 ಟಿಬಿಗೆ ಮೊದಲು ಸಾಯಲಿಲ್ಲ, ಕೊನೆಯದು 2,400 ಟಿಬಿ ದಾಟಿತು.

ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಅದು ಯಾವ ಡ್ರೈವಿನ ಲೆಕ್ಕ? ಆ ಆರರಲ್ಲಿ ಐದು, ಒಂದು ಕೋಶದಲ್ಲಿ ಎರಡೇ ಬಿಟ್ ಇಡುವ ಹಳೆಯ ತಳಿಯವು. ಈಗ ಅಗ್ಗಕ್ಕೆ ಸಿಗುವ ಹಲವು ಡ್ರೈವುಗಳು ಅದೇ ಕೋಶದಲ್ಲಿ ನಾಲ್ಕು ಬಿಟ್ ತುರುಕುತ್ತವೆ. ಒಂದು ಟಿಬಿಯ 870 ಇವೊಗೆ 600 ಟಿಬಿ ಭರವಸೆ ಕೊಡುವ ಕಂಪನಿಯೇ ನಾಲ್ಕು ಬಿಟ್ಟಿನ 870 ಕ್ಯುವಿಒಗೆ ಕೊಡುವುದು 360. ಅಷ್ಟೇ ದೊಡ್ಡ ಕ್ರೂಷಿಯಲ್ ಪಿ3ಗೆ 220. 512 ಜಿಬಿಯ ಇಂಟೆಲ್ 660ಪಿಗೆ ಬರೀ 100. ಆಂಡ್ರಾಯ್ಡ್ ಮೂಲಸಂಕೇತವನ್ನು ಬಿಲ್ಡ್ ಮಾಡಲು 400 ಜಿಬಿ ಜಾಗ ಬೇಕೆಂದು ಗೂಗಲ್ಲೇ ಹೇಳುತ್ತದೆ: ಇಳಿಸಿಕೊಳ್ಳಲು 250, ಬಿಲ್ಡಿಗೆ 150. ಆ 660ಪಿ ಮೇಲೆ ದಿನಕ್ಕೊಂದು ಪೂರ್ತಿ ಬಿಲ್ಡ್ ಓಡಿಸಿದರೆ ಭರವಸೆಯ ಗಡುವು ಎರಡು ವರ್ಷವೂ ಬಾರದು. ಮೇಲ್ ನೋಡಿ ಸಿನಿಮಾ ಹಾಕಿಕೊಳ್ಳುವ ಮನೆಗೆ ಈ ಚಿಂತೆ ಬೇಡ, ಒಪ್ಪಿದೆ. ಬೆಳ್ಳಂದೂರಿನಲ್ಲಿ ಅಂಥ ಮನೆ ಎಷ್ಟಿವೆಯೋ.

ಇನ್ನು ಟೆಕ್ ರಿಪೋರ್ಟ್ ಪರೀಕ್ಷೆಯಲ್ಲಿದ್ದ ಇಂಟೆಲ್ 335 ಸತ್ತ ಬಗೆಯನ್ನು ಯಾರೂ ಎತ್ತಲಿಲ್ಲ. ಎಚ್ಚರಿಕೆ ಕೊಟ್ಟು 'ಓದಲು ಮಾತ್ರ' ಸ್ಥಿತಿಗೆ ಹೋದ ಡ್ರೈವ್, ರೀಸ್ಟಾರ್ಟ್ ಮಾಡಿದ ಮೇಲೆ ಸುಳಿವೇ ಇಲ್ಲ.

ಇದೇ ಪಂಗಡದ ಎರಡನೆಯ ಆಕ್ಷೇಪವೇ ನಿಜವಾದ ಜಗಳ. "ಕಂಟ್ರೋಲರಿಗೆ ಬೇಕಾದ ಜಾಗವನ್ನು ಕಂಪನಿಯವರೇ ಮೀಸಲಿಟ್ಟಿರ್ತಾರೆ, ನಾವ್ಯಾಕೆ ಮತ್ತೆ ಬಿಡಬೇಕು?" ಡ್ರೈವಿನೊಳಗಿನ ಕಾರುಬಾರು ನಡೆಸುವ ಚಿಪ್ಪೇ ಕಂಟ್ರೋಲರ್, ಅದಕ್ಕೆ ಮೀಸಲು ಇರುವುದು ನಿಜ. ಚಿಪ್ಪಿನೊಳಗೆ ಎಣಿಕೆ 1,024ರಲ್ಲಿ, ಡಬ್ಬಿಯ ಮೇಲೆ 1,000ದಲ್ಲಿ. ಜಿಬಿಯ ಮಟ್ಟದಲ್ಲಿ ಈ ವ್ಯತ್ಯಾಸ ಶೇ 7 ಚಿಲ್ಲರೆ. ಅಗ್ಗದ ಡ್ರೈವಿನ ಮೀಸಲು ಹೆಚ್ಚುಕಡಿಮೆ ಅಷ್ಟರಲ್ಲೇ ಮುಗಿಯುತ್ತದೆ.

ಅದು ಯಾಕೆ ಸಾಲದು ಎನ್ನುವುದಕ್ಕೆ ಡ್ರೈವಿನೊಳಗಿನ ಫ್ಲ್ಯಾಶ್ ಚಿಪ್ಪು ಕೆಲಸ ಮಾಡುವ ರೀತಿಯನ್ನೇ ನೋಡಬೇಕು. ಬರೆಯುವುದು ಪೇಜಿನ ಲೆಕ್ಕದಲ್ಲಿ, ಅಂದರೆ ಕೆಲವು ಕೆಬಿ. ಅಳಿಸುವುದು ಬ್ಲಾಕಿನ ಲೆಕ್ಕದಲ್ಲಿ, ಅಂದರೆ ಹಲವು ಎಂಬಿ. ಬರೆದ ಪೇಜಿನ ಮೇಲೆ ಮತ್ತೆ ಬರೆಯಲು ಬಾರದು. ಫೈಲನ್ನು ತಿದ್ದಿದಾಗ ಹೊಸ ಪ್ರತಿ ಬೇರೆಡೆ ಕೂರುತ್ತದೆ, ಹಳೆಯದು ಕಸವಾಗಿ ಉಳಿಯುತ್ತದೆ. ಆ ಕಸ ತೆಗೆಯಬೇಕಾದರೆ ಅದೇ ಬ್ಲಾಕಿನಲ್ಲಿ ಇನ್ನೂ ಜೀವಂತವಾಗಿರುವ ಪೇಜುಗಳನ್ನು ಎತ್ತಿ ಬೇರೆ ಕಡೆ ಬರೆದು, ಆಮೇಲೆ ಇಡೀ ಬ್ಲಾಕನ್ನು ಅಳಿಸಬೇಕು. ನಮ್ಮ ಬೇಸ್‌ಮೆಂಟಿನಲ್ಲಿ ಒಂದರ ಹಿಂದೆ ಒಂದು ನಿಲ್ಲಿಸುವ ಕಾರುಗಳನ್ನು ನೆನೆಯಿರಿ. ಹಿಂದಿನ ಕಾರು ಹೊರಬರಬೇಕಾದರೆ ಮುಂದಿನದನ್ನು ಸರಿಸಲು ಎಲ್ಲೋ ಒಂದು ಖಾಲಿ ಜಾಗ ಬೇಕು. ಖಾಲಿ ಜಾಗ ಒಂದೇ ಇದ್ದರೆ ಒಂದು ಕಾರಿಗಾಗಿ ಐದು ಕಾರು ಕದಲಬೇಕು. ಎಸ್‌ಎಸ್‌ಡಿಯಲ್ಲಿ ಹೀಗೆ ಕದಲಿಸುವುದೂ ಒಂದು ಬರಹವೇ, ಕೋಶ ಅದರಿಂದಲೂ ಸವೆಯುತ್ತದೆ.

ಇದಕ್ಕೆ ಒಂದು ಸರಳ ಗಣಿತವಿದೆ. ಡ್ರೈವಿನ ತುಂಬ ಎಲ್ಲೆಂದರಲ್ಲಿ ಸಮನಾಗಿ ಬರಹ ಬೀಳುತ್ತಿದೆ ಎಂದು ಇಟ್ಟುಕೊಂಡರೆ, ಬಿಡುವಿನ ಜಾಗ ಶೇ 7 ಇದ್ದಾಗ ನೀವು ಬರೆದ ಒಂದು ಜಿಬಿಗೆ ಒಳಗೆ ಏಳು ಜಿಬಿಗೂ ಹೆಚ್ಚು ಬರಹ ನಡೆಯುತ್ತದೆ. ಶೇ 28 ಇದ್ದಾಗ ಎರಡು ಜಿಬಿ ಚಿಲ್ಲರೆ. ನಮ್ಮ ಲ್ಯಾಪ್‌ಟಾಪುಗಳಲ್ಲಿ ಬರಹ ಅಷ್ಟು ಚೆಲ್ಲಾಪಿಲ್ಲಿ ಇರುವುದಿಲ್ಲವಾದ್ದರಿಂದ ಅಂಕಿಗಳು ಇಷ್ಟು ಕೆಟ್ಟಿರುವುದಿಲ್ಲ. ಆದರೆ ಇಳಿಜಾರು ಯಾವ ಕಡೆಗಿದೆ ಎನ್ನುವುದರಲ್ಲಿ ಅನುಮಾನವಿಲ್ಲ. ಮೊದಲ ಶೇ 10 ಬಿಟ್ಟುಕೊಟ್ಟಾಗ ಸಿಗುವ ಲಾಭ ದೊಡ್ಡದು, ಶೇ 30ರಿಂದ 40ಕ್ಕೆ ಹೋದರೆ ಸಿಗುವುದು ಚೂರು. ಐದರಲ್ಲೊಂದು ಪಾಲು ಎಂದು ನಾನು ನಿಂತದ್ದು ಈ ಕಾರಣಕ್ಕೆ, ದುಂಡು ಅಂಕಿಯ ಮೋಹಕ್ಕಲ್ಲ.

ವೇಗದ ವಿಷಯವೂ ಇದಕ್ಕೇ ಅಂಟಿಕೊಂಡಿದೆ. ಈಗಿನ ಡ್ರೈವುಗಳು ಖಾಲಿ ಕೋಶಗಳಲ್ಲಿ ಮೊದಲು ಒಂದೊಂದೇ ಬಿಟ್ ಚಕಚಕನೆ ಬರೆದುಕೊಂಡು, ಬಿಡುವಾದಾಗ ಒತ್ತೊತ್ತಾಗಿ ಜೋಡಿಸುತ್ತವೆ. ರಿಂಗ್ ರಸ್ತೆಯ ಪಕ್ಕದಲ್ಲೇ ಕ್ಯಾಂಪಸ್ ಇರುವ ಇಂಟೆಲ್ 2018ರಲ್ಲಿ ತಂದ 660ಪಿಯ ಒಂದು ಟಿಬಿ ಮಾದರಿಯಲ್ಲಿ ಈ ವೇಗದ ಅಂಗಳ ಖಾಲಿ ಇದ್ದಾಗ ಸುಮಾರು 140 ಜಿಬಿ, ಡ್ರೈವ್ ತುಂಬಿದಾಗ 12. "ಹೊಸತರಲ್ಲಿ ಚೆನ್ನಾಗಿತ್ತು, ಈಗ ಕಾಪಿ ಹಾಕಿದರೆ ಪೆನ್‌ಡ್ರೈವ್ ಥರ ಆಡುತ್ತೆ" ಎಂದು ಗೊಣಗುವವರು ಮೊದಲು ಎಷ್ಟು ಜಾಗ ಉಳಿದಿದೆ ನೋಡಲಿ.

"ಬಿಡುವುದಾದರೆ ಪಾರ್ಟಿಷನ್ ಮಾಡದೆಯೇ ಬಿಡಬೇಕು, ಡ್ರೈವಿನೊಳಗೆ ಖಾಲಿ ಇದ್ದರೆ ಲೆಕ್ಕಕ್ಕಿಲ್ಲ" ಎಂದವರು ಅರ್ಧ ಸರಿ. ಫೈಲ್ ಅಳಿಸಿದ ಸುದ್ದಿಯನ್ನು ಡ್ರೈವಿಗೆ ಮುಟ್ಟಿಸುವುದು ಟ್ರಿಮ್ ಆದೇಶ. ವಿಂಡೋಸ್ 7ರ ಕಾಲದಿಂದ ಇದೆ, ಉಬುಂಟು ವಾರಕ್ಕೊಮ್ಮೆ ತಾನೇ ಓಡಿಸುತ್ತದೆ. ಟ್ರಿಮ್ ತಲುಪುತ್ತಿದ್ದರೆ ಎರಡು ಬಗೆಯ ಖಾಲಿಯೂ ಕಂಟ್ರೋಲರಿಗೆ ಒಂದೇ. ಕೆಲವು ಯುಎಸ್‌ಬಿ ಎನ್‌ಕ್ಲೋಷರ್‌ಗಳು ಆ ಆದೇಶವನ್ನು ದಾಟಿಸುವುದೇ ಇಲ್ಲ. ಅಲ್ಲಿ ಅವರ ಮಾತು ನಡೆಯುತ್ತದೆ.

ಈಗ ಮಡಿವಂತರ ಸರದಿ. ಪೇಜ್‌ಫೈಲ್ ಆಫ್ ಮಾಡು, ಬ್ರೌಸರಿನ ಕ್ಯಾಶನ್ನು ಹಾರ್ಡ್‌ ಡಿಸ್ಕಿಗೆ ಸಾಗಹಾಕು, ಹುಡುಕಾಟದ ಇಂಡೆಕ್ಸ್ ನಿಲ್ಲಿಸು. ಇವರ ಪಥ್ಯ 2009ರ ಪುಟ್ಟ ಡ್ರೈವುಗಳ ಕಾಲದ್ದು. ವೇಗ ಬೇಕೆಂದು ಎಸ್‌ಎಸ್‌ಡಿ ಕೊಂಡು, ವೇಗ ಬೇಕಾದ ಕೆಲಸವನ್ನೆಲ್ಲ ತಿರುಗುವ ತಟ್ಟೆಗೆ ಕಳಿಸುವುದು ಯಾವ ಜಾಣತನ? ಪೇಜ್‌ಫೈಲ್ ಇಲ್ಲದೆ ರ‍್ಯಾಮ್ ತುಂಬಿದ ದಿನ ಪ್ರೋಗ್ರಾಮ್ ಕುಸಿದುಬಿದ್ದು ನಿಮ್ಮ ಕೆಲಸವೂ ಹೋಗುತ್ತದೆ. ಅವರ ಪಟ್ಟಿಯಲ್ಲಿ ಒಂದನ್ನು ಮಾತ್ರ ನಾನು ಉಳಿಸಿಕೊಳ್ಳುತ್ತೇನೆ: ಹೈಬರ್ನೇಟ್ ಬಳಸದವರು ಅದನ್ನು ಆಫ್ ಮಾಡಿದರೆ 16 ಜಿಬಿ ರ‍್ಯಾಮಿನ ವಿಂಡೋಸ್ ಯಂತ್ರದಲ್ಲಿ ಆರು ಜಿಬಿಗೂ ಹೆಚ್ಚು ಜಾಗ ವಾಪಸ್ ಬರುತ್ತದೆ. ಅದು ಬರಹ ಉಳಿಸಿದ್ದಕ್ಕಲ್ಲ, ಜಾಗ ಬಿಟ್ಟುಕೊಟ್ಟದ್ದಕ್ಕೆ ಒಳ್ಳೆಯದು. ಡಿಫ್ರ್ಯಾಗ್ ಬಗ್ಗೆ ಒಂದೇ ಮಾತು: ಹೊರಗಿನ ಡಿಫ್ರ್ಯಾಗ್ ತಂತ್ರಾಂಶವನ್ನು ಎಸ್‌ಎಸ್‌ಡಿಗೆ ಮುಟ್ಟಿಸಬೇಡಿ.

ಎಲ್ಲಕ್ಕಿಂತ ಬಿಗಿಯಾದ ವಾದ ಬಂದದ್ದು ಫರ್ಮ್‌ವೇರ್ ಬರೆಯುವ ಒಬ್ಬರಿಂದ. "ಸವೆದು ಸತ್ತ ಎಸ್‌ಎಸ್‌ಡಿ ಎಷ್ಟು ನೋಡಿದ್ದೀರಿ? ಸಾಯೋದು ಬೇರೆ ಕಾರಣಕ್ಕೆ." ಅವರ ಪರವಾಗಿ ಸಾಕ್ಷಿಯನ್ನು ನಾನೇ ಕೊಡುತ್ತೇನೆ. 2019ರ ನವೆಂಬರಿನಲ್ಲಿ ಎಚ್‌ಪಿ ಎಂಟರ್‌ಪ್ರೈಸ್ ತನ್ನ ಕೆಲವು ಸರ್ವರ್ ಎಸ್‌ಎಸ್‌ಡಿಗಳು 32,768 ಗಂಟೆ ಓಡಿದ ಕೂಡಲೇ ನಿಂತುಹೋಗುತ್ತವೆ ಎಂದು ಪ್ರಕಟಿಸಿತು. ಅಂದರೆ 3 ವರ್ಷ, 270 ದಿನ, 8 ಗಂಟೆ. ಖಾಲಿ ಇರಲಿ, ತುಂಬಿರಲಿ, ಡೇಟಾ ಸಮೇತ ಹೋಯಿತು. ಕಾರಣ ಫರ್ಮ್‌ವೇರಿನ ದೋಷ. ಟೊರಾಂಟೊ ವಿಶ್ವವಿದ್ಯಾಲಯ ಮತ್ತು ಗೂಗಲ್‌ನವರು ಸೇರಿ ಆರು ವರ್ಷದ, ಹತ್ತು ಮಾದರಿಗಳ ದಾಖಲೆ ಇಟ್ಟುಕೊಂಡು 2016ರಲ್ಲಿ ಪ್ರಕಟಿಸಿದ ಅಧ್ಯಯನವೂ ಬರಹದ ಲೆಕ್ಕ ಹೇಗೇ ಇರಲಿ, ವಯಸ್ಸೂ ದೋಷ ಹೆಚ್ಚಿಸುತ್ತದೆ ಎಂದು ತೋರಿಸಿತು. ಹಾರ್ಡ್‌ ಡಿಸ್ಕಿಗಿಂತ ಕಡಿಮೆ ಬದಲಾಯಿಸಬೇಕಾಗಿ ಬಂದರೂ, ನಾಲ್ಕು ವರ್ಷದಲ್ಲಿ ಮಾದರಿಗೆ ತಕ್ಕಂತೆ ಶೇ 20ರಿಂದ 63ರಷ್ಟು ಡ್ರೈವುಗಳಲ್ಲಿ ಒಮ್ಮೆಯಾದರೂ ಸರಿಪಡಿಸಲಾಗದ ದೋಷ ಕಂಡಿತ್ತು. ಕರೆಂಟು ಹಠಾತ್ತನೆ ಹೋದಾಗ ಏನಾಗುತ್ತದೆಂದು 15 ಡ್ರೈವುಗಳನ್ನು ಪರೀಕ್ಷಿಸಿದ 2013ರ ಇನ್ನೊಂದು ಅಧ್ಯಯನದಲ್ಲಿ 13 ಎಡವಿದವು. ಬೆಸ್ಕಾಂ ಕೈಕೊಟ್ಟು ಜನರೇಟರ್ ಏಳುವ ನಡುವಿನ ಕೆಲವು ಸೆಕೆಂಡು ನಮಗೆಲ್ಲ ಗೊತ್ತೇ ಇದೆ. ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ಡೆಸ್ಕ್‌ಟಾಪಿನವರು ಯುಪಿಎಸ್ ಇಡಲಿ.

ಇಷ್ಟೆಲ್ಲ ಒಪ್ಪಿಯೂ ಅವರ ತೀರ್ಮಾನ ಒಪ್ಪಲಾರೆ. ಸಾವಿಗೆ ಹತ್ತು ಬಾಗಿಲಿದ್ದರೆ ನಮ್ಮ ಕೈಗೆ ಸಿಗುವ ಬಾಗಿಲನ್ನು ಮುಚ್ಚುವುದರಲ್ಲಿ ನಷ್ಟವೇನು? ಜಾಗ ಬಿಡಲು ದುಡ್ಡು ಬೇಡ, ಹಳೆಯ ಡಾಕರ್ ಇಮೇಜು, ಮುಗಿದ ಪ್ರಾಜೆಕ್ಟುಗಳ ಲೈಬ್ರರಿ, ವಾಟ್ಸಾಪ್ ವಿಡಿಯೊ ಅಳಿಸಿದರೆ ಸಾಕು. ಉಳಿದ ಬಾಗಿಲುಗಳಿಗೆ ಫರ್ಮ್‌ವೇರ್ ಅಪ್‌ಡೇಟ್ ಮತ್ತು ಬ್ಯಾಕಪ್.

ಬ್ಯಾಕಪ್ ಎಂದಕೂಡಲೇ ಒಬ್ಬ ಹಿರಿಯರು, ಫೋಟೊಗಳನ್ನೆಲ್ಲ ಎಸ್‌ಎಸ್‌ಡಿಗೆ ತುಂಬಿ ಬೀರುವಿನಲ್ಲಿ ಇಟ್ಟಿದ್ದೇನೆ, ತಿರುಗುವ ಭಾಗವೇ ಇಲ್ಲ, ಕೆಡುವುದೇನು ಎಂದರು. ಕೆಡುವುದು ವಿದ್ಯುದಾವೇಶ, ಯಜಮಾನರೇ. ಕೋಶದೊಳಗೆ ಹಿಡಿದಿಟ್ಟ ಆವೇಶ ಮೆಲ್ಲಗೆ ಸೋರುತ್ತದೆ. ಚಿಪ್ ಉದ್ಯಮದ ಜೆಡೆಕ್ ಮಾನದಂಡ ಮನೆಬಳಕೆಯ ಡ್ರೈವಿನಿಂದ ಕೇಳುವುದು, ಆಯುಷ್ಯದ ಬರಹವೆಲ್ಲ ಮುಗಿದ ಮೇಲೂ 30 ಡಿಗ್ರಿಯಲ್ಲಿ ಕರೆಂಟಿಲ್ಲದೆ ಒಂದು ವರ್ಷ ಡೇಟಾ ಉಳಿಯಬೇಕು ಎಂದು. ಹೊಸ ಡ್ರೈವ್ ಇನ್ನೂ ಬಹಳ ಕಾಲ ತಡೆಯುತ್ತದೆ, ಸವೆದು ಪಕ್ಕಕ್ಕಿಟ್ಟದ್ದನ್ನು ನಂಬಬೇಡಿ. ಮೊಮ್ಮಕ್ಕಳ ಫೋಟೊಗೆ ಹಾರ್ಡ್‌ ಡಿಸ್ಕಿನಲ್ಲೊಂದು ಪ್ರತಿ ಇರಲಿ, ಅದೂ ಬೇರೆ ಮನೆಯಲ್ಲಿ. 2022ರ ಸೆಪ್ಟೆಂಬರಿನ ಮಳೆಯಲ್ಲಿ ಈ ರಿಂಗ್ ರಸ್ತೆಯ ಬಡಾವಣೆಗಳಿಂದ ಜನ ಟ್ರ್ಯಾಕ್ಟರ್ ಹತ್ತಿ ಹೊರಬಂದದ್ದನ್ನು ಕಂಡವರಿಗೆ ಯಾಕೆಂದು ಹೇಳಬೇಕಿಲ್ಲ.

ಉಳಿದದ್ದು ಅಚ್ಚ ಬೆಳ್ಳಂದೂರಿನ ಆಕ್ಷೇಪ. "ಲ್ಯಾಪ್‌ಟಾಪ್ ಕಂಪನಿದು ಸಾರ್, ಮೂರು ವರ್ಷಕ್ಕೆ ವಾಪಸ್ ತಗೋತಾರೆ. ನಮಗೇನು?" ನಿಮಗೇನೂ ಇಲ್ಲ. ಆದರೆ ವಾಪಸ್ ಹೋದ ಯಂತ್ರ ಮಾಯವಾಗುವುದಿಲ್ಲ. ಎಷ್ಟೋ ಯಂತ್ರಗಳು ಒರೆಸಿ ಹೊಳಪು ಮಾಡಿಸಿಕೊಂಡು ಸೆಕೆಂಡ್ ಹ್ಯಾಂಡ್ ಅಂಗಡಿ ಸೇರುತ್ತವೆ, ಎಸ್‌.ಪಿ. ರಸ್ತೆಯಲ್ಲಿ ಯಾವುದೋ ಕಾಲೇಜು ಹುಡುಗಿಯ ಕೈಗೂ ಬರಬಹುದು. ಎನ್‌ವಿಎಂಇ ಡ್ರೈವುಗಳು ಬಳಸಿದ ಆಯುಷ್ಯದ ಶೇಕಡಾವನ್ನು ತಾವೇ ಬರೆದಿಟ್ಟುಕೊಳ್ಳುತ್ತವೆ. ಸೊನ್ನೆಯಿಂದ ಶುರುವಾಗಿ, 100 ದಾಟಿದರೂ ನಿಲ್ಲದೆ 255ರವರೆಗೆ ಏರಬಲ್ಲ ಅಂಕಿ ಅದು. ಉಚಿತವಾಗಿ ಸಿಗುವ ಪುಟ್ಟ ತಂತ್ರಾಂಶವೊಂದನ್ನು ಪೆನ್‌ಡ್ರೈವಿನಲ್ಲಿ ಒಯ್ದು ಅಂಗಡಿಯಲ್ಲೇ ಓಡಿಸಿ ನೋಡಬಹುದು. ಅದು 90 ತೋರಿಸಿದರೆ ಆ ಹುಡುಗಿ ಚೌಕಾಸಿಯನ್ನು ಅಲ್ಲಿಂದಲೇ ಶುರುಮಾಡಲಿ.